ಆ ಕಾಲಂನಲ್ಲಿ ಅವನು ಬರೆದ ಒಂದು ಪದ

1/9

ಮೊದಲನೇ ಫೋಟೋ ಸರಿಯಾಗಿ ನೋಡಿ. ಕಿವಿವರೆಗೂ ಎಳೆದ ಬಾಯಿ, ಹಿಂದಕ್ಕೆ ಬಾಚಿದ ಕೂದಲು, ಇನ್ನೇನು ಅತ್ತೇಬಿಡುತ್ತೆ ಅನ್ನೋ ಹಾಗಿರೋ ಕಣ್ಣು. ನಿನ್ನೆ ಸ್ಟೋರಿಲಿ ಹಾಕಿ "ಯಾರು ಹೇಳಿ?" ಅಂದಾಗ ನೀವೆಲ್ಲ ಒಂದೇ ಉತ್ತರ ಕೊಟ್ರಿ: ಜೋಕರ್.

ಅಲ್ಲ. ಜೋಕರ್ ಅನ್ನೋ ಪಾತ್ರ ಹುಟ್ಟಿದ್ದೇ 1940ರಲ್ಲಿ. ಈ ಫೋಟೋ 1928ರ 'ದ ಮ್ಯಾನ್ ಹೂ ಲಾಫ್ಸ್' ಅನ್ನೋ ಮೂಕಿ ಸಿನಿಮಾದ್ದು. ಜೋಕರ್‌ನ ರೂಪಿಸಿದವರಲ್ಲಿ ಒಬ್ಬರಾದ ಬಿಲ್ ಫಿಂಗರ್ ಮಾದರಿಗೆ ಅಂತ ತಂದು ತೋರಿಸಿದ್ದು ಇದೇ ನಟನ ಫೋಟೋ.

ಹೆಸರು ಕಾನ್ರಾಡ್ ಫೈಟ್. ನಮ್ಮ ಸಿನಿಮಾದಲ್ಲಿ ಇಂಟರ್ವಲ್ ಮುಂಚೆ ಬರೋ ಫೈಟ್ ಅಲ್ಲ, ಅದು ಅವರ ಮನೆತನದ ಹೆಸರು. ಜರ್ಮನಿಯವನು. ನಾನು ಅವನು ಅಂತಲೇ ಬರೀತೀನಿ, ಏಕವಚನಕ್ಕೆ ಕ್ಷಮೆ ಇರ್ಲಿ. ಒಂದು ತಿಂಗಳಿಂದ ಅವನ ಸಿನಿಮಾ ನೋಡಿ ನೋಡಿ ಸಲಿಗೆ ಬಂದ್ಬಿಟ್ಟಿದೆ.

ಈ ಸರಣಿಯಲ್ಲಿ ಸಾಮಾನ್ಯವಾಗಿ ಹಳೇ ನಟರ ಕಥೆ ಹೇಳಿ ಸುಮ್ಮನಾಗ್ತೀನಿ. ಈ ಸಲ ನಂದೂ ಒಂದು ವಿಷಯ ಇದೆ. ಏಳನೇ ಕ್ಯಾಪ್ಶನ್‌ಗೆ ಬರುತ್ತೆ. ಅಲ್ಲಿವರೆಗೂ ಜೊತೇಲಿರಿ.

2/9

ಎಚ್.ಡಿ. ಕೋಟೆ ಕಡೆಯ ಹುಡುಗಿಗೆ ಜರ್ಮನಿ ನಟ ಎಲ್ಲಿ ಸಿಕ್ಕಿದ ಅಂತ ಕೇಳ್ತೀರ. ಸಿಕ್ಕಿದ್ದು ನಮ್ಮೂರಿನ ದಾರಿಯಿಂದಲೇ.

ನಮ್ಮ ತಾತ ಯಾವಾಗಲೂ ಹೇಳ್ತಿದ್ರು, "ನಮ್ಮ ಕಾರಾಪುರದ ಮಾವುತನ ಮಗ ಇಂಗ್ಲೆಂಡ್‌ಗೆ ಹೋಗಿ ಸಿನಿಮಾ ಹೀರೋ ಆದ ಕಣವ್ವ" ಅಂತ. ಚಿಕ್ಕವಳಿದ್ದಾಗ ನಾನು ನಂಬಿರಲಿಲ್ಲ. ಆಮೇಲೆ ನೋಡಿದ್ರೆ ನಿಜ. ಅವನೇ ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ, ತಂದೆ ಮೈಸೂರು ಮಹಾರಾಜರ ಆನೆ ಮಾವುತ. 1937ರ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಪ್ರಪಂಚಕ್ಕೆಲ್ಲ ಗೊತ್ತಾದ.

ಸಾಬುನ ಹುಡುಕ್ತಾ ಹೋದಾಗ ಸಿಕ್ಕಿದ್ದು 1940ರ 'ದ ಥೀಫ್ ಆಫ್ ಬಾಗ್ದಾದ್'. ಅದರಲ್ಲಿ ಸಾಬು ಕಳ್ಳ ಹುಡುಗ. ಅವನ ಎದುರು ಕಪ್ಪು ಬಟ್ಟೆ, ತಲೆಗೆ ಪೇಟ ಸುತ್ತಿಕೊಂಡು ಒಬ್ಬ ಮಂತ್ರವಾದಿ ವಜೀರ ನಿಂತಿರ್ತಾನೆ. ಹೆಸರು ಜಾಫರ್. ಕಿರುಚಲ್ಲ, ಮೀಸೆ ತಿರುವಲ್ಲ, ಸುಮ್ಮನೆ ಕಣ್ಣು ಬಿಟ್ಟು ನೋಡ್ತಾನೆ, ಅಷ್ಟೇ. ನಾನು ಮೊಬೈಲ್ ಉಲ್ಟಾ ಇಟ್ಟುಬಿಟ್ಟೆ. ಎರಡನೇ ಫೋಟೋ ಅದೇ. ಡಿಸ್ನಿಯ 'ಅಲ್ಲಾದೀನ್' ನೋಡಿದವರಿಗೆ ಆ ಹೆಸರೂ ಆ ನಿಲುವೂ ಎಲ್ಲೋ ಕಂಡ ಹಾಗೆ ಅನ್ನಿಸುತ್ತೆ.

ಕಾರಾಪುರದ ಹುಡುಗನ ಎದುರು ನಿಂತಿದ್ದ ಆ ಬರ್ಲಿನ್ನಿನವನು ಯಾರು ಅಂತ ನೋಡೋಕೆ ಹೋದವಳು ಇನ್ನೂ ವಾಪಸ್ ಬಂದಿಲ್ಲ.

3/9

ಹುಟ್ಟಿದ್ದು 22 ಜನವರಿ 1893, ಬರ್ಲಿನ್. ಅಪ್ಪ ಸರ್ಕಾರಿ ನೌಕರ, ಮೊದಲು ಸೈನ್ಯದಲ್ಲಿದ್ದವರು, ಮನೇಲಿ ಶಿಸ್ತು ಅಂದ್ರೆ ಶಿಸ್ತು. ಓದಿನಲ್ಲಿ ನಮ್ಮ ಕಾನ್ರಾಡ್ ಹೇಗೆ? 1912ರಲ್ಲಿ ಸ್ಕೂಲ್ ಮುಗಿಸಿದಾಗ ಕ್ಲಾಸಲ್ಲಿ 13 ಜನ, ಇವನದು 13ನೇ ಸ್ಥಾನ. ಸರ್ಟಿಫಿಕೇಟೂ ಇಲ್ಲ. (ನಮ್ಮ ಕ್ಲಾಸಿನ ಲಾಸ್ಟ್ ಬೆಂಚ್ ಗ್ರೂಪ್‌ಗೆ ಇದನ್ನ ಕಳಿಸಿದೆ. ಡಿಪಿ ಬದಲಾಯಿಸಿಕೊಂಡಿದ್ದಾರೆ.)

ಡಾಕ್ಟರ್ ಆಗಬೇಕು ಅಂತ ಆಸೆ ಇತ್ತಂತೆ. ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಡಾಕ್ಟರು ಇವರ ಕೈಲಾದಷ್ಟೇ ದುಡ್ಡು ತಗೊಂಡರು, ಅದನ್ನ ನೋಡಿ. ಆದರೆ 13ಕ್ಕೆ 13ನೇ ಸ್ಥಾನದವನಿಗೆ ಮೆಡಿಕಲ್ ಸೀಟ್ ಎಲ್ಲಿ? ಸ್ಕೂಲಿನ ಒಂದು ಕ್ರಿಸ್‌ಮಸ್ ನಾಟಕದಲ್ಲಿ ಸ್ಟೇಜ್ ಹತ್ತಿದ್ದು ನೆನಪಿತ್ತು. ನಟ ಆಗ್ತೀನಿ ಅಂದ. ಅಪ್ಪನಿಗೆ ಸುತರಾಂ ಇಷ್ಟ ಇಲ್ಲ, ಅಮ್ಮ ಮಗನ ಕಡೆ. ಜರ್ಮನಿ ಆದ್ರೇನು, ಎಚ್.ಡಿ. ಕೋಟೆ ಆದ್ರೇನು.

ಆಗ ಬರ್ಲಿನ್‌ನಲ್ಲಿ ನಾಟಕ ಅಂದ್ರೆ ಮಾಕ್ಸ್ ರೈನ್‌ಹಾರ್ಟ್, ಅವರ ಡಾಯ್ಚಸ್ ಥಿಯೇಟರ್. ಇವನು ಅಲ್ಲಿ ಹೋಗಿ ಡೈಲಾಗ್ ಹೇಳ್ತಿದ್ರೆ ರೈನ್‌ಹಾರ್ಟ್ ಪೂರ್ತಿ ಹೊತ್ತು ಕಿಟಕಿ ಆಚೆ ನೋಡ್ತಾ ಕೂತಿದ್ರಂತೆ. ಮುಗೀತು ಕಥೆ ಅಂದುಕೊಂಡು ಹೊರಟ. ಆದ್ರೆ ಕೆಲಸ ಸಿಕ್ತು, ಸಣ್ಣ ಪುಟ್ಟ ಪಾತ್ರಕ್ಕೆ, ತಿಂಗಳಿಗೆ 50 ಮಾರ್ಕ್.

ಅಷ್ಟರಲ್ಲಿ ಮಹಾಯುದ್ಧ. 1914ರ ಡಿಸೆಂಬರ್‌ನಲ್ಲಿ ಸೈನ್ಯಕ್ಕೆ ಎಳ್ಕೊಂಡ್ರು. ಪೂರ್ವದ ಗಡಿಯಲ್ಲಿ ವಾರ್ಸಾ ಹತ್ತಿರದ ಕಾಳಗ, ಅಲ್ಲಿ ಕಾಮಾಲೆ ಜೊತೆಗೆ ನ್ಯುಮೋನಿಯಾ. ಆಸ್ಪತ್ರೆಯಿಂದ ಎದ್ದವನು ಸೈನಿಕರಿಗಾಗಿ ನಾಟಕ ಆಡೋ ಕಂಪನಿ ಸೇರಿಕೊಂಡ. 1917ಕ್ಕೆ ಬಿಡುಗಡೆ ಆಗಿ ಮತ್ತೆ ಬರ್ಲಿನ್, ಮತ್ತೆ ರೈನ್‌ಹಾರ್ಟ್.

4/9

ಈಗ ಸಿನಿಮಾ. ಮೂರನ್ನ ಮಾತ್ರ ಹೇಳ್ತೀನಿ, ಪೂರ್ತಿ ಪಟ್ಟಿ ನೂರು ದಾಟುತ್ತೆ.

1919ರಲ್ಲಿ ರಿಚರ್ಡ್ ಓಸ್ವಾಲ್ಡ್ ಒಂದು ಸಿನಿಮಾ ಮಾಡಿದ್ರು. ಹೆಸರಿನ ಅರ್ಥ 'ಬೇರೆಯವರ ಹಾಗಲ್ಲದವರು'. ಗಂಡಸನ್ನ ಪ್ರೀತಿಸೋ ಗಂಡಸಿನ ಕಥೆ. ಆಗ ಜರ್ಮನಿಯಲ್ಲಿ 175ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ನಮ್ಮ 377 ಇತ್ತಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಕೈಬಿಟ್ಟಿದ್ದು, ಅದರ ಹಾಗೆ. ಫೈಟ್‌ದು ಪಿಟೀಲು ವಾದಕನ ಪಾತ್ರ. ಒಬ್ಬ ಬ್ಲ್ಯಾಕ್‌ಮೇಲ್ ಮಾಡ್ತಾನೆ, ಕೋರ್ಟು, ಜೈಲು, ಕೊನೆಗೆ ಪ್ರಾಣ ಕಳ್ಕೊಳ್ತಾನೆ. ಮುಂದಿನ ವರ್ಷವೇ ಬ್ಯಾನ್ ಆಯ್ತು. ಇವತ್ತು ಉಳಿದಿರೋದು ತುಂಡು ತುಂಡು. ಆಗಷ್ಟೇ ಹೆಸರು ಬರ್ತಿರೋ ಹುಡುಗ ಈ ಪಾತ್ರ ಒಪ್ಪಿಕೊಂಡ ಅನ್ನೋದನ್ನ ನೆನಪಿಟ್ಕೊಳಿ.

ಎರಡನೇದು 'ಡಾಕ್ಟರ್ ಕಾಲಿಗಾರಿ', 1920. ಗೋಡೆ, ಬೀದಿ, ನೆರಳು ಕೂಡ ಬಟ್ಟೆ ಮೇಲೆ ಸೊಟ್ಟಸೊಟ್ಟಗೆ ಬಿಡಿಸಿದ್ದು. ಡಾಕ್ಟರ್ ಕಾಲಿಗಾರಿಯಾಗಿ ವೆರ್ನರ್ ಕ್ರೌಸ್, ಪೆಟ್ಟಿಗೆಯೊಳಗೆ ಮಲಗಿ ಅವನು ಹೇಳಿದಾಗ ಎದ್ದು ಕೊಲೆ ಮಾಡಿ ಬರೋ ನಿದ್ದೆನಡಿಗೆಯವನಾಗಿ ಫೈಟ್. ಆ ಪೆಟ್ಟಿಗೆ ಬಾಗಿಲು ತೆಗೆದಾಗ ಅವನು ನಿಧಾನಕ್ಕೆ ಕಣ್ಣು ಬಿಡೋ ಒಂದು ಶಾಟ್ ಇದೆ. ನೂರು ವರ್ಷ ಆಯ್ತು, ಈಗಲೂ ಹೊಟ್ಟೇಲಿ ಏನೋ ಆಗುತ್ತೆ. ವೆರ್ನರ್ ಕ್ರೌಸ್, ಈ ಹೆಸರನ್ನೂ ಪಕ್ಕಕ್ಕಿಟ್ಟಿರಿ. ಮತ್ತೆ ಬೇಕಾಗುತ್ತೆ.

ಮೂರನೇದು ನಗು ಬರ್ಲಿ ಅಂತ. 1921ರ 'ಇಂಡಿಯನ್ ಟೂಂಬ್'. ಇವನು ಭಾರತದ ಮಹಾರಾಜ! ಬದುಕಿರೋ ರಾಣಿಗೇ ಸಮಾಧಿ ಕಟ್ಟಿಸೋಕೆ ಯುರೋಪಿನಿಂದ ಆರ್ಕಿಟೆಕ್ಟ್‌ನ ಕರೆಸ್ತಾನೆ. ಗುಡಿ, ಅರಮನೆ ಎಲ್ಲ ಬರ್ಲಿನ್ ಪಕ್ಕದ ವೋಲ್ಟರ್ಸ್‌ಡಾರ್ಫ್ ಅನ್ನೋ ಊರಲ್ಲಿ ಹಾಕಿದ ಸೆಟ್ಟು. ನಮ್ಮ ಮೈಸೂರು ದಸರಾ ನೋಡಿದವರು ಆ ಮಹಾರಾಜನ ಗತ್ತು ನೋಡಿದ್ರೆ ಬಿದ್ದು ಬಿದ್ದು ನಗ್ತೀರ. ಆದ್ರೆ ಕಣ್ಣು ಬಂದಾಗ ನಗು ನಿಲ್ಲುತ್ತೆ.

5/9

1920ರ ದಶಕದ ಕೊನೆಗೆ ಹಾಲಿವುಡ್‌ನಿಂದ ಕರೆ ಬಂತು, ಹೋದ. ಜೋಕರ್ ನಗುವಿನ ಸಿನಿಮಾ ಮಾಡಿದ್ದು ಆವಾಗಲೇ. ಬಾಯಿಯೊಳಗೆ ಹಲ್ಲಿನ ಸೆಟ್ ತರದ್ದೊಂದನ್ನ ಹಾಕಿ, ಅದರ ಕೊಕ್ಕೆಗಳಿಂದ ತುಟಿ ಎರಡೂ ಕಡೆ ಎಳೆದಿಡ್ತಿದ್ರು. ಅದು ಬಾಯಲ್ಲಿರೋವಾಗ ಮಾತೇ ಹೊರಡ್ತಿರಲಿಲ್ಲ. ಹಾಗಾಗಿ ಅಭಿನಯ ಎಲ್ಲ ಕಣ್ಣಲ್ಲೇ.

ಆಮೇಲೆ ಟಾಕಿ ಬಂತು. ಇವನ ಇಂಗ್ಲಿಷ್ ಅಷ್ಟಕ್ಕಷ್ಟೇ. 1929ಕ್ಕೆ ಜರ್ಮನಿಗೆ ವಾಪಸ್. ಅಲ್ಲಿ ಮಾತು ತನ್ನದು, ಜನ ತನ್ನವರು, ಮತ್ತೆ ದೊಡ್ಡ ಸ್ಟಾರ್.

ಇನ್ನೊಬ್ಬ ಜರ್ಮನ್ ನಟ ಎಮಿಲ್ ಯಾನಿಂಗ್ಸ್ ಕೂಡ ಅದೇ ವರ್ಷ ವಾಪಸ್ ಬಂದ, ಕೈಯಲ್ಲಿ ಅತ್ಯುತ್ತಮ ನಟನಿಗೆ ಕೊಟ್ಟ ಮೊಟ್ಟಮೊದಲ ಆಸ್ಕರ್ ಹಿಡ್ಕೊಂಡು. ಒಂದು ಗಾಸಿಪ್: ಫೈಟ್‌ನ ಮೊದಲ ಹೆಂಡತಿ ಗುಸ್ಸಿ ಹೋಲ್, ಡೈವೋರ್ಸ್ ಆದಮೇಲೆ ಮದುವೆಯಾಗಿದ್ದು ಈ ಯಾನಿಂಗ್ಸ್‌ನ. ಫೈಟ್‌ಗೆ ಆಮೇಲೆ ಎರಡನೇ ಮದುವೆ ಆಯ್ತು, ಒಬ್ಬಳು ಮಗಳು, ಅದೂ ಮುರೀತು. ಮೂರನೇ ಸಲ ಮದುವೆಯಾಗಿದ್ದು ಲಿಲಿ ಪ್ರಾಗರ್ ಅನ್ನೋರನ್ನ. ಹಂಗೇರಿಯವರು. ಯಹೂದಿ.

ಮದುವೆಯಾದ ವರ್ಷ 1933. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ.

6/9

ಸಿನಿಮಾ, ನಾಟಕ, ರೇಡಿಯೋ ಎಲ್ಲ ಗೊಬೆಲ್ಸ್ ಕೈಗೆ ಹೋಯ್ತು. ಯಹೂದಿಗಳನ್ನ ಕೆಲಸದಿಂದ ತೆಗೆಯೋಕೆ ಶುರು ಮಾಡಿದ್ರು. ಯಾರು ಯಾವ ಕುಲ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಒಂದು ಫಾರಂ. ಸಿನಿಮಾದಲ್ಲಿ ಕೆಲಸ ಬೇಕು ಅಂದ್ರೆ ತುಂಬಿ ಕೊಡಬೇಕು. ಅದರಲ್ಲಿ ಒಂದು ಕಾಲಂ: ಜನಾಂಗ.

ಫೈಟ್ ಯಹೂದಿ ಅಲ್ಲ. ಅವನ ಮನೆಯವರು ಪ್ರಾಟೆಸ್ಟಂಟ್ ಕ್ರಿಶ್ಚಿಯನ್ನರು. ಇದ್ದದ್ದನ್ನ ಇದ್ದ ಹಾಗೆ ಬರೆದಿದ್ರೆ ಅವನ ಮಟ್ಟಿಗೆ ಏನೂ ತೊಂದರೆ ಇರಲಿಲ್ಲ. ಹೆಂಡತಿನ ಬಿಟ್ಟುಬಿಟ್ರೆ ಇನ್ನೂ ಒಳ್ಳೇದು ಅನ್ನೋ ಕಾಲ ಅದು, ಹಾಗೆ ಬಿಟ್ಟ ನಟರೂ ಇದ್ರು.

ಅವನು ಆ ಕಾಲಂನಲ್ಲಿ ಬರೆದದ್ದು 'ಯೂಡ' ಅಂತ. ಯಹೂದಿ.

ಅವನ ಜೀವನ ಬರೆದವರೆಲ್ಲ ಹೇಳೋ ಕಥೆ ಇದು. ಭಾಷಣ ಮಾಡಿದ ಅಂತ ಇಲ್ಲ, ಪೇಪರ್‌ಗೆ ಹೇಳಿಕೆ ಕೊಟ್ಟ ಅಂತಲೂ ಇಲ್ಲ. ಒಂದು ಪದ, ಅದೂ ಸುಳ್ಳು.

ನಮಗೆ ಬಿ.ಕಾಂ.ನಲ್ಲಿ ಅಪಾರ್ಚುನಿಟಿ ಕಾಸ್ಟ್ ಅಂತ ಹೇಳ್ಕೊಡ್ತಾರೆ. ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ನೋಟ್ಸಲ್ಲಿ ಯಾವಾಗಲೂ ಗೋಧಿ ಬೆಳೀಬೇಕಾ ಭತ್ತ ಬೆಳೀಬೇಕಾ ಅನ್ನೋ ಉದಾಹರಣೆ. ಫೈಟ್‌ಗೆ ಆಗ ನಲವತ್ತು. ಕಳ್ಕೊಂಡಿದ್ದು ಊರು, ಭಾಷೆ, ಇಪ್ಪತ್ತು ವರ್ಷದ ಹೆಸರು. ಗಂಡ ಹೆಂಡತಿ ಇಬ್ಬರೂ ಇಂಗ್ಲೆಂಡ್ ಸೇರಿದ್ರು, ನಾಲ್ಕು ವರ್ಷದ ಹಿಂದೆ ಸಿನಿಮಾಗೆ ಸಾಲದು ಅಂತ ಬಿಟ್ಟು ಬಂದಿದ್ದ ಅದೇ ಇಂಗ್ಲಿಷನ್ನ ಮತ್ತೆ ಕಲಿಯೋಕೆ.

7/9

ಈಗ ನಂದು.

ಹೋದ ವರ್ಷ ನಾನು, ನನ್ನ ಫ್ರೆಂಡ್ ಇಬ್ಬರೂ ಮೈಸೂರಲ್ಲಿ ರೂಮ್ ಹುಡುಕ್ತಿದ್ವಿ. ಫಸ್ಟ್ ಇಯರ್‌ನಿಂದ ಒಂದೇ ಬೆಂಚು, ಒಂದೇ ಟಿಫನ್ ಬಾಕ್ಸು. ಕಾಲೇಜಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಮನೆ ಸಿಕ್ತು. ಮಹಡಿ ಮೇಲೆ ಒಂದು ರೂಮು, ಬಿಸಿಲು ಬರೋ ಕಿಟಕಿ, ನಮ್ಮ ಕೈಗೆಟುಕೋ ಬಾಡಿಗೆ. ಓನರ್ ಆಂಟಿ ಕಾಫಿ ಕೊಟ್ರು, ನಮ್ಮ ಊರು, ಅಪ್ಪನ ಕೆಲಸ ಎಲ್ಲ ಕೇಳಿದ್ರು. ಆಮೇಲೆ, "ಬೇಜಾರ್ ಮಾಡ್ಕೋಬೇಡಿ ಕಣ್ರಮ್ಮ, ನೀವ್ ಯಾವ ಜನ?"

ನಾನು ಹೇಳಿದೆ. ಅವಳೂ ಹೇಳಿದಳು. ಆಂಟಿ ಲೋಟ ಎತ್ಕೊಂಡು ಒಳಗೆ ಹೋದ್ರು. "ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ" ಅಂದ್ರು.

ಫೋನ್ ಬಂದಿದ್ದು ನನಗೆ ಮಾತ್ರ. "ನೀನೊಬ್ಳೇ ಆದ್ರೆ ಬಾಮ್ಮ. ನಮಗೇನಿಲ್ಲ, ದೇವರ ಮನೆ ಇದೆ, ಅತ್ತೆ ಇದ್ದಾರೆ, ಗೊತ್ತಲ್ಲ."

ಗೊತ್ತಿತ್ತು. ನಾನು "ಆಯ್ತು ಆಂಟಿ" ಅಂದೆ. ಅವಳಿಗೆ "ಅಲ್ಲಿ ಒಬ್ಬರಿಗೇ ಜಾಗ ಅಂತೆ ಕಣೇ" ಅಂದೆ. ಅವಳು, "ಸರಿ ಬಿಡು, ನೀನ್ ಹೋಗು, ನನಗೆ ಹಾಸ್ಟೆಲ್ ಆಗುತ್ತೆ" ಅಂದಳು. ನನ್ನ ಮುಖ ನೋಡಲಿಲ್ಲ.

ಆ ಮನೆಯವರದೂ ಒಂದು ಫಾರಂ ಇತ್ತು, ಜೆರಾಕ್ಸ್ ಮಾಡಿಸಿದ್ದು. ಹೆಸರು, ಅಪ್ಪನ ಹೆಸರು, ಆಧಾರ್ ನಂಬರ್, ಜಾತಿ. ನಾಲ್ಕನ್ನೂ ತುಂಬಿದೆ. ನಾನು ಬರೆದದ್ದು ಒಂದೂ ಸುಳ್ಳಲ್ಲ.

ಹೀಗೆ ಬರೆದರೆ ನಿಮ್ಮಲ್ಲಿ ಕೆಲವರು "ನೀನೇನ್ ಮಾಡೋಕಾಗ್ತಿತ್ತು ಬಿಡೇ" ಅಂತ ಕಾಮೆಂಟ್ ಹಾಕ್ತೀರ. ದಯವಿಟ್ಟು ಹಾಕಬೇಡಿ. ಅದನ್ನ ನಾನೇ ನನಗೆ ಎಷ್ಟೋ ಸಲ ಹೇಳ್ಕೊಂಡಿದ್ದೀನಿ.

8/9

ಪಕ್ಕಕ್ಕಿಟ್ಟ ಹೆಸರು ಈಗ ತಗೊಳಿ.

ಹದಿನೆಂಟನೇ ಶತಮಾನದಲ್ಲಿ ಜೋಸೆಫ್ ಝ್ಯೂಸ್ ಅನ್ನೋ ಯಹೂದಿ ಒಬ್ಬ ಜರ್ಮನ್ ದೊರೆಗೆ ಹಣಕಾಸಿನ ಸಲಹೆಗಾರನಾಗಿದ್ದ. ದೊರೆ ಸತ್ತ ಮೇಲೆ ಅವನನ್ನ ಗಲ್ಲಿಗೆ ಹಾಕಿದ್ರು, 1738ರಲ್ಲಿ. ಇವನ ಬಗ್ಗೆ ಲಿಯೋನ್ ಫಾಯ್ಕ್ಟ್‌ವಾಂಗರ್ ಒಂದು ಕಾದಂಬರಿ ಬರೆದಿದ್ರು. ಅದರಲ್ಲಿ ಝ್ಯೂಸ್‌ಗೆ ತನ್ನ ನಿಜವಾದ ಅಪ್ಪ ಒಬ್ಬ ಕ್ರಿಶ್ಚಿಯನ್ ಅಧಿಕಾರಿ ಅಂತ ಗೊತ್ತಾಗುತ್ತೆ. ಅದನ್ನ ಹೇಳಿದ್ರೆ ಪಾರಾಗೋ ದಾರಿ ಇರುತ್ತೆ. ಹೇಳಲ್ಲ. ಯಹೂದಿಯಾಗೇ ಸಾಯ್ತಾನೆ.

1934ರಲ್ಲಿ ಇಂಗ್ಲೆಂಡಿನಲ್ಲಿ ಆ ಕಾದಂಬರಿ ಸಿನಿಮಾ ಆಯ್ತು. ಝ್ಯೂಸ್ ಪಾತ್ರ ಮಾಡಿದ್ದು ಫೈಟ್. ಅದಕ್ಕೂ ಸ್ವಲ್ಪ ಮುಂಚೆ ಒಂದು ಶೂಟಿಂಗ್‌ಗೆ ಅಂತ ಜರ್ಮನಿಗೆ ಹೋಗಿದ್ದವನನ್ನ ಅಲ್ಲೇ ತಡೆದಿಟ್ಟುಕೊಂಡಿದ್ರು. "ಹುಷಾರಿಲ್ಲ, ಪ್ರಯಾಣ ಮಾಡೋ ಹಾಗಿಲ್ಲ" ಅಂತ ನೆಪ. ಇಂಗ್ಲೆಂಡಿನ ಸ್ಟುಡಿಯೋ ತನ್ನದೇ ಡಾಕ್ಟರನ್ನ ಕಳಿಸಿ ಪರೀಕ್ಷೆ ಮಾಡಿಸಿದ ಮೇಲೆ ಬಿಟ್ರು. ಝ್ಯೂಸ್ ಸಿನಿಮಾ ಆದಮೇಲೆ ತವರಿಗೆ ಹೋಗೋ ದಾರಿ ಮುಚ್ಚಿತು.

ಆರು ವರ್ಷ ಬಿಟ್ಟು, 1940ರಲ್ಲಿ, ಗೊಬೆಲ್ಸ್ ಕಡೆಯವರೂ ಅದೇ ಝ್ಯೂಸ್ ಬಗ್ಗೆ ಸಿನಿಮಾ ಮಾಡಿದ್ರು. ಯಹೂದಿಗಳನ್ನ ಕಂಡ್ರೆ ಜನ ಅಸಹ್ಯ ಪಡಬೇಕು ಅಂತಲೇ ಮಾಡಿದ್ದು. ಎಸ್‌ಎಸ್‌ನವರು, ಪೊಲೀಸರು ಎಲ್ಲರೂ ನೋಡಲೇಬೇಕು ಅಂತ ಹಿಮ್ಲರ್ ಆರ್ಡರ್ ಹಾಕಿದ್ದ. ಅದರಲ್ಲಿ ಝ್ಯೂಸ್ ಒಬ್ಬನನ್ನ ಬಿಟ್ಟು ಬೇರೆ ಬೇರೆ ಯಹೂದಿ ಪಾತ್ರಗಳನ್ನ ಒಬ್ಬನೇ ನಟ, ವೇಷ ಬದಲಾಯಿಸಿ ಬದಲಾಯಿಸಿ ಮಾಡಿದ. ವೆರ್ನರ್ ಕ್ರೌಸ್. ಡಾಕ್ಟರ್ ಕಾಲಿಗಾರಿ.

ಎಂಟನೇ ಫೋಟೋ 1920ರದ್ದು. ಕ್ರೌಸ್ ಪೆಟ್ಟಿಗೆ ಪಕ್ಕ ನಿಂತಿದ್ದಾನೆ, ಫೈಟ್ ಒಳಗೆ. ಆವತ್ತು ಸೆಟ್ಟಲ್ಲಿ ಒಟ್ಟಿಗೆ ಊಟ ಮಾಡಿರ್ತಾರೆ ಅಲ್ವಾ? ಕ್ರೌಸ್ ಕೆಟ್ಟ ನಟ ಅಂತ ಯಾರೂ ಹೇಳಲ್ಲ, ತುಂಬ ದೊಡ್ಡ ನಟ. ಯಾನಿಂಗ್ಸ್ ಕೂಡ. ಅವನೂ ಅಲ್ಲೇ ಉಳಿದು ಆ ಸರ್ಕಾರಕ್ಕೆ ಬೇಕಾದ ಸಿನಿಮಾ ಮಾಡಿ ಬಿರುದು ತಗೊಂಡ. ನಾನು ಇವರಿಬ್ಬರನ್ನ ಬೈಯೋಕೆ ಹೊರಟಾಗೆಲ್ಲ ಆ ಬಿಸಿಲು ಬರೋ ಕಿಟಕಿ ನೆನಪಾಗುತ್ತೆ.

9/9

ಉಳಿದದ್ದು ಬೇಗ ಹೇಳ್ಬಿಡ್ತೀನಿ. 1939ರಲ್ಲಿ ಫೈಟ್ ಬ್ರಿಟನ್ನಿನ ಪ್ರಜೆ ಆದ. ಯುದ್ಧ ಶುರುವಾದಾಗ ದುಡಿದ ದುಡ್ಡಿನಲ್ಲಿ ದೊಡ್ಡ ಪಾಲು ಆ ದೇಶದ ಯುದ್ಧದ ಖರ್ಚಿಗೆ ಕೊಟ್ಟ. ಅದೇ ಹೊತ್ತಿಗೆ ಸಾಬು ಜೊತೆ ಬಾಗ್ದಾದ್ ಸಿನಿಮಾ. ಇಂಗ್ಲೆಂಡಲ್ಲಿ ಶುರುವಾಗಿದ್ದು ಯುದ್ಧದಿಂದಾಗಿ ಅಮೆರಿಕಕ್ಕೆ ಹೋಗಿ ಮುಗೀತು. ಫೈಟ್ ಅಲ್ಲೇ ಉಳಿದ.

ಅಮೆರಿಕದಲ್ಲಿ ಅವನಿಗೆ ಸಿಕ್ಕಿದ ಪಾತ್ರ ಯಾವುದು ಗೊತ್ತಾ? ನಾಜಿಗಳದ್ದು. ನಾಜಿಗಳಿಂದ ಓಡಿ ಬಂದವನಿಗೆ ಅದೇ ಯೂನಿಫಾರ್ಮು. ಮಾಡ್ತೀನಿ, ಆದರೆ ಅವರನ್ನ ಖಳರಾಗೇ ತೋರಿಸಬೇಕು ಅಂತ ಷರತ್ತು ಹಾಕಿದ್ದನಂತೆ. 'ಕಾಸಾಬ್ಲಾಂಕಾ' ನೋಡಿದ್ದೀರಲ್ಲ, 1942ರದ್ದು? ಅದರ ಮೇಜರ್ ಸ್ಟ್ರಾಸರ್ ಇವನೇ. ವಾರಕ್ಕೆ 5,000 ಡಾಲರ್ ಸಂಬಳ. ಆ ಸಿನಿಮಾದ ಸಣ್ಣ ಸಣ್ಣ ಪಾತ್ರಗಳಲ್ಲಿ ಇರೋ ಎಷ್ಟೋ ಜನ ನಿಜವಾಗಲೂ ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವರು. ಹೋಟೆಲಲ್ಲಿ ಜರ್ಮನ್ನರ ಹಾಡನ್ನ ಮುಳುಗಿಸಿ ಎಲ್ಲರೂ ಎದ್ದು ಫ್ರಾನ್ಸ್‌ನ ರಾಷ್ಟ್ರಗೀತೆ ಹಾಡೋ ಸೀನ್ ಇದೆಯಲ್ಲ, ಅಲ್ಲಿ ಅವರ ಕಣ್ಣು ನೋಡಿ. ಎದುರಿಗೆ ನಾಜಿ ಯೂನಿಫಾರ್ಮಲ್ಲಿ ಉರಿದುಬೀಳ್ತಿರೋನು ಫೈಟ್. ಅವನೂ ಅವರಲ್ಲೊಬ್ಬ.

3 ಏಪ್ರಿಲ್ 1943. ಲಾಸ್ ಏಂಜಲಿಸ್‌ನಲ್ಲಿ ಗಾಲ್ಫ್ ಆಡ್ತಿದ್ದಾಗ ಹಾರ್ಟ್ ಅಟ್ಯಾಕ್. ಐವತ್ತು ವರ್ಷ. ಕಾಸಾಬ್ಲಾಂಕಾಗೆ ಆಸ್ಕರ್ ಬಂದದ್ದು ನೋಡಲಿಲ್ಲ, ಹಿಟ್ಲರ್ ಹೋದದ್ದೂ ನೋಡಲಿಲ್ಲ. ಅವನು ಸತ್ತ ಮೇಲೆ ಬಂದ ಕೊನೇ ಸಿನಿಮಾದಲ್ಲಿ ಮಾತ್ರ ಅವನು ಒಳ್ಳೆಯವನು, ನಾಜಿಗಳ ವಿರುದ್ಧ ಸಹಾಯ ಮಾಡೋನು.

ನನ್ನ ರೂಮಿನ ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು, ಮುಂದಿನ ತಿಂಗಳು ಮುಗಿಯುತ್ತೆ. ಆಂಟಿ ಹೊಸ ಫಾರಂ ಟೇಬಲ್ ಮೇಲಿಟ್ಟು ಹೋಗಿದ್ದಾರೆ. ಇನ್ನೂ ತುಂಬಿಲ್ಲ.

ಇದನ್ನ ಪೋಸ್ಟ್ ಮಾಡೋಕೆ ಮುಂಚೆ ಏಳನೇ ಕ್ಯಾಪ್ಶನ್ ಅವಳಿಗೆ ಕಳಿಸಿದೆ, ಹಾಕಲಾ ಅಂತ ಕೇಳಿ. ಒಂದೇ ರೂಮಿಗೆ ಒಬ್ಬರೇ ಅಂತ ಆಂಟಿ ಹೇಳಿರಲಿಲ್ಲ, ನಾನೇ ಸುಳ್ಳು ಹೇಳಿದ್ದು ಅಂತಲೂ ಬರೆದೆ. ತುಂಬಾ ಹೊತ್ತು ಬ್ಲೂ ಟಿಕ್ ಇತ್ತು, ರಿಪ್ಲೈ ಇಲ್ಲ. ರಾತ್ರಿ ಹನ್ನೊಂದೂವರೆಗೆ ಬಂತು: "ಅವತ್ತೇ ಗೊತ್ತಿತ್ತು. ಹಾಕು. ನನ್ನ ಹೆಸರು ಬೇಡ." ಅದಾದ ಮೇಲೆ ಇನ್ನೊಂದು: "ಆ ಕಣ್ಣು ಬಿಡೋ ಸಿನಿಮಾ ಯಾವುದದು? ಲಿಂಕ್ ಕಳ್ಸು."

ಕಳಿಸಿದ್ದೀನಿ.